ಕಾಲು ಮುಂದಾದ ಕೂಸು

ಸ್ಕ್ಯಾನಿಂಗ್ ಮುಗಿಸಿ ಬಂದ ಜಯಶೀಲಾ ಡಾಕ್ಟರ ಎದುರಿನ ಕುರ್ಚಿಯಲ್ಲಿ ಕುಳಿತಳು. ಡಾಕ್ಟರು ಅವಳ ಮುಖ ನೋಡಲಿಲ್ಲ. ರಿಪೋರ್ಟಿನ ಮೇಲೆ ಕಣ್ಣಾಡಿಸಿ, ಬಾಗಿಲ ಹತ್ತಿರ ನಿಂತಿದ್ದ ಅವಳ ಗಂಡ ಪ್ರಭುಲಿಂಗನನ್ನು ಒಳಗೆ ಕರೆದು ಅವನಿಗೇ ಹೇಳಿದರು. ಮಗು ಉಲ್ಟಾ ಇದೆ, ತಲೆ ಮೇಲಿದೆ, ಸಿಸೇರಿಯನ್ನೇ ಆಗಬೇಕು, ಎರಡು ವಾರ ಬಿಟ್ಟು ಬರುವ ಗುರುವಾರ ಬೆಳಿಗ್ಗೆ ಏನೂ ತಿನ್ನಿಸದೆ ಕರೆದುಕೊಂಡು ಬನ್ನಿ.

ಹೊಸದುರ್ಗದ ಆ ನರ್ಸಿಂಗ್ ಹೋಮಿನಲ್ಲಿ ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. ಜಯಶೀಲಾಗೆ ಅದು ಗೊತ್ತಿತ್ತು. ಆದರೂ ಕೇಳಿದಳು: ಇನ್ನೂ ಒಂದು ತಿಂಗಳು ಐತಲ್ಲ ಮೇಡಂ, ಅಷ್ಟರೊಳಗೆ ತಿರುಗಲ್ವಾ? ಮೊದಲನೇ ಹೆರಿಗೆ ಸಲೀಸಾಗಿ ಆಗಿತ್ತು, ಈಗಲೂ ಹಾಗೇ ಆಗೋದಕ್ಕೆ ದಾರಿ ಇಲ್ವಾ? ಡಾಕ್ಟರು ಮತ್ತೆ ಪ್ರಭುಲಿಂಗನ ಕಡೆಗೇ ತಿರುಗಿದರು.

"ನಿಮಗೆ ಮಗು ಜೀವಂತ ಬೇಕೋ ಬೇಡ್ವೋ, ಅದನ್ನ ಯೋಚನೆ ಮಾಡಿ."

ಪ್ರಭುಲಿಂಗ ತಲೆಯಾಡಿಸಿ ಹೊರಗೆ ಬಂದ. ಮನೆಗೆ ಬರುವ ದಾರಿಯುದ್ದಕ್ಕೂ ಜಯಶೀಲಾ ಅವನ ಲಗೇಜ್ ಆಟೋದ ಮುಂದಿನ ಸೀಟಿನಲ್ಲಿ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದಳು. ಆ ಕೋಣೆಯಲ್ಲಿ ತನ್ನ ಹೊಟ್ಟೆಯ ಬಗ್ಗೆ ಮಾತಾಡಿದರು, ಹೊಟ್ಟೆಯೊಳಗಿನ ಮಗುವಿನ ಬಗ್ಗೆ ಮಾತಾಡಿದರು, ತನ್ನ ಜೊತೆ ಮಾತ್ರ ಮಾತಾಡಲಿಲ್ಲ. ಅವಳು ಪಿಯುಸಿ ಪಾಸು ಮಾಡಿದವಳು. ಅವರ ಊರು ಮತ್ತೋಡಿನ ಅರ್ಧದಷ್ಟು ಹೆಂಗಸರ ರವಿಕೆ ಅವಳೇ ಹೊಲಿಯುತ್ತಿದ್ದಳು. ಅಳತೆ ತೆಗೆಯುವಾಗ ಅವಳು ಯಾರ ಗಂಡನನ್ನೂ ಕರೆದು ಕೇಳಿದವಳಲ್ಲ.

ಮತ್ತೋಡಿನಲ್ಲಿ ಪ್ರಭುಲಿಂಗನ ಬಲಗಾಲು ಹೆಸರುವಾಸಿಯಾಗಿತ್ತು. ಅವನು ಹುಟ್ಟುವಾಗ ಕಾಲು ಮುಂದಾಗಿ ಬಂದವನು. ಅಂಥವರು ಕಾಲು ತಾಗಿಸಿದರೆ ಸೊಂಟದ ಉಳುಕು ಬಿಡುತ್ತದೆ ಎಂದು ಜನ ನಂಬಿದ್ದರು. ಹೊಲದಲ್ಲಿ ಬಗ್ಗಿ ಸೊಂಟ ಹಿಡಿದುಕೊಂಡವರು, ತೆಂಗಿನಕಾಯಿ ಮೂಟೆ ಎತ್ತಿ ಬೆನ್ನು ತಿರುಚಿಕೊಂಡವರು ಬೆಳಿಗ್ಗೆ ಬೆಳಿಗ್ಗೆ ಬಂದು ಅವರ ಮನೆಯ ಅಂಗಳದಲ್ಲಿ ಬೋರಲು ಮಲಗುತ್ತಿದ್ದರು. ಅವನು ಬಲಗಾಲಿನಿಂದ ಮೂರು ಸಲ ಮೆಲ್ಲಗೆ ಒದೆಯುತ್ತಿದ್ದ. ಅವರು ಎದ್ದು, ಸೊಂಟ ಹಗುರಾಯಿತು ಎನ್ನುತ್ತಾ ಹೋಗುತ್ತಿದ್ದರು. ಹತ್ತನೇ ವಯಸ್ಸಿನಿಂದ ಇದು ನಡೆದು ಬಂದಿತ್ತು. ಮದುವೆಯಾದ ಹೊಸದರಲ್ಲಿ ಜಯಶೀಲಾಗೆ ಇದನ್ನು ನೋಡಿ ನಗು ಬರುತ್ತಿತ್ತು.

ಅವನ ಅಪ್ಪ ಗುಡ್ಡಪ್ಪನಿಗೆ ಅದು ನಗುವ ವಿಷಯವಾಗಿರಲಿಲ್ಲ. ಅವನಿಗೆ ಅರವತ್ತು ದಾಟಿತ್ತು. ಈಗಲೂ ಎಂಬತ್ತು ಕುರಿಗಳ ಹಿಂದೆ ದಿನವಿಡೀ ನಡೆಯುವ ಗಟ್ಟಿ ಆಳು. ಸ್ಕ್ಯಾನಿಂಗ್ ಸುದ್ದಿ ಕೇಳಿ ಅವನ ಮುಖ ಅರಳಿತು. ಮೊಮ್ಮಗನೂ ಅಪ್ಪನ ಹಾಗೇ ಬರುತ್ತಿದ್ದಾನೆ ಎಂದ. ಮೊಮ್ಮಗ ಎಂದು ಅವನಿಗೆ ಹೇಳಿದವರು ಯಾರೂ ಇಲ್ಲ.

"ಇವನೂ ಕಾಲು ಮುಂದಾಗಿ ಬಂದವನೇ. ಯಾವ ಕತ್ತರಿನೂ ಬೀಳ್ಲಿಲ್ಲ. ಈ ಮನೇಲಿ ಹೊಟ್ಟೆ ಕೊಯ್ಸೋ ಮಾತು ಬ್ಯಾಡ," ಎಂದು ಎದ್ದು ಹೋದ.

ಪ್ರಭುಲಿಂಗ ಅದಕ್ಕೂ ತಲೆಯಾಡಿಸಿದ. ನರ್ಸಿಂಗ್ ಹೋಮಿನಲ್ಲಿ ಡಾಕ್ಟರಿಗೆ ಆಡಿಸಿದ್ದ ಅದೇ ತಲೆ.

ನಿಜ ಹೇಳಬೇಕೆಂದರೆ ಜಯಶೀಲಾಗೂ ಆಪರೇಷನ್ ಬೇಕಿರಲಿಲ್ಲ. ಮಗಳು ಇಂಚರ ಹುಟ್ಟಿದಾಗ ನಾಲ್ಕನೇ ದಿನಕ್ಕೆ ಎದ್ದು ಓಡಾಡಿದ್ದಳು. ಹದಿನೈದು ದಿನಕ್ಕೆ ಹೊಲಿಗೆ ಮಿಷನ್ ಮುಂದೆ ಕುಳಿತಿದ್ದಳು. ಮಾವ ಆಡಿದ್ದು ಅವಳ ಮನಸ್ಸಿನಲ್ಲಿದ್ದ ಮಾತೇ. ಆದರೆ ಅವನ ಬಾಯಿಂದ ಅದನ್ನು ಕೇಳಿದಾಗ ಅವಳಿಗೆ ಮೈಯೆಲ್ಲಾ ಉರಿಯಿತು. ಒಬ್ಬರು ಕೊಯ್ಯುತ್ತೇನೆ ಎಂದರು, ಇನ್ನೊಬ್ಬರು ಕೊಯ್ಯಬೇಡಿ ಎಂದರು. ಇಬ್ಬರಿಗೂ ಅವಳು ಬಾಯಿಲ್ಲದವಳು. ಎರಡು ದಿನ ಅವಳು ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಹೊಲಿಯುತ್ತಿದ್ದ ಬಟ್ಟೆ ತಪ್ಪು ಕಡೆ ಕತ್ತರಿಸಿ ಹಾಳು ಮಾಡಿದಳು.

ಅತ್ತೆ ಬರಗೇರಮ್ಮ ಈ ಯಾವುದರಲ್ಲೂ ಬಾಯಿ ಹಾಕಲಿಲ್ಲ. ಗಂಡ ಆ ಮಾತು ಆಡಿದಾಗ ಮೊರದಲ್ಲಿ ರಾಗಿ ಹಸನು ಮಾಡುತ್ತಾ ಕುಳಿತಿದ್ದವಳು, ಮೊರವನ್ನು ಅಲ್ಲೇ ಬಿಟ್ಟು ಕುರಿ ಕೂಡುವ ರೊಪ್ಪದ ಕಡೆ ಹೋಗಿ ಬಹಳ ಹೊತ್ತು ಬರಲೇ ಇಲ್ಲ. ಅವಳೂ ಗಂಡನ ಕಡೆಯೇ ಎಂದು ಜಯಶೀಲಾ ತಿಳಿದಳು. ಅವಳ ಮೇಲೂ ಸಿಟ್ಟು ಮಾಡಿಕೊಂಡಳು.

ಆ ವಾರ ಆಶಾ ಕಾರ್ಯಕರ್ತೆ ಗಿರಿಯಮ್ಮ ಬಂದು ತಾಯಿ ಕಾರ್ಡು ನೋಡಿದಾಗ ಜಯಶೀಲಾ ಇದ್ದದ್ದನ್ನೆಲ್ಲಾ ಹೇಳಿಕೊಂಡಳು. ಗಿರಿಯಮ್ಮ ಒಂದು ದಾರಿ ಹೇಳಿದಳು. ಚಿತ್ರದುರ್ಗದ ಒಂದು ಟ್ರಸ್ಟಿನ ಹೆರಿಗೆ ಆಸ್ಪತ್ರೆಯಲ್ಲಿ ಅಂಜಲಿ ಎಂಬ ಡಾಕ್ಟರಿದ್ದಾರೆ. ಉಲ್ಟಾ ಇರುವ ಮಗುವನ್ನು ಹೊಟ್ಟೆಯ ಮೇಲಿಂದಲೇ ಕೈಯಿಂದ ತಿರುಗಿಸಿ ನೋಡುತ್ತಾರೆ. ತಿರುಗಿದರೆ ಎಲ್ಲರ ಹಾಗೆ ಹೆರಿಗೆ. ತಿರುಗದಿದ್ದರೆ ಮುಂದಿನದನ್ನು ಕೂರಿಸಿಕೊಂಡು ಹೇಳುತ್ತಾರೆ.

ಅಂದು ಸಂಜೆ ಜಯಶೀಲಾ ಗಂಡನಿಗೆ ಚಿತ್ರದುರ್ಗಕ್ಕೆ ಹೋಗೋಣ ಎಂದಳು. ಅವನು ಈ ವಾರವೆಲ್ಲಾ ಬಾಡಿಗೆ ಒಪ್ಪಿಕೊಂಡಿದ್ದೇನೆ ಎಂದ. ಅಪ್ಪ ಬೇಡ ಅಂದಮೇಲೆ ಊರೂರು ಸುತ್ತುವುದು ಯಾಕೆ ಎಂದೂ ಕೇಳಿದ. ಒಬ್ಬಳೇ ಹೋಗುತ್ತೇನೆ ಎಂದು ಅವಳು ಅಂದುಕೊಂಡಳು. ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಅವಳು ಬ್ಯಾಗಿಗೆ ಕಾರ್ಡು, ರಿಪೋರ್ಟು ಹಾಕಿಕೊಂಡು ಹೊರಬಂದರೆ, ಬರಗೇರಮ್ಮ ಮದುವೆ ಮುಂಜಿಗೆ ಉಡುವ ಸೀರೆ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದಳು.

"ನಡಿ, ಹೋಗಾಣ," ಎಂದಳು. ಅಷ್ಟೇ.

ಹೊಸದುರ್ಗದಲ್ಲಿ ಬಸ್ಸು ಬದಲಿಸಿ, ಹೊಳಲ್ಕೆರೆ ದಾಟಿ, ಚಿತ್ರದುರ್ಗದ ಆಸ್ಪತ್ರೆ ತಲುಪುವಾಗ ಹತ್ತೂವರೆ. ಡಾಕ್ಟರ್ ಅಂಜಲಿಗೆ ನಲವತ್ತರ ಮೇಲೆ ವಯಸ್ಸು. ಎದುರಿಗೆ ಕೂರಿಸಿಕೊಂಡು, ಮೊದಲ ಹೆರಿಗೆ ಹೇಗಾಯಿತು, ಮಗು ಎಷ್ಟು ತೂಕ ಇತ್ತು ಎಂದು ಜಯಶೀಲಾಳನ್ನೇ ಕೇಳಿದರು. ಬರಗೇರಮ್ಮನ ಕಡೆ ತಿರುಗಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿ, ಪರದೆಯನ್ನು ಅವಳ ಕಡೆ ತಿರುಗಿಸಿ ತೋರಿಸಿದರು. ಇದು ತಲೆ, ಪಕ್ಕೆಲುಬಿನ ಹತ್ತಿರ. ಇದು ಕುಂಡಿ. ಒಂದು ಕಾಲು ಮೇಲೆ ಮಡಚಿಕೊಂಡಿದೆ. ಇನ್ನೊಂದು ಕೆಳಗೆ ಇಳಿದಿದೆ. ತಿರುಗಿಸಿ ನೋಡಬಹುದು, ಇಬ್ಬರಲ್ಲಿ ಒಬ್ಬರಿಗೆ ಆಗುತ್ತದೆ, ಆಗದೆಯೂ ಇರಬಹುದು, ನೋವಾಗುತ್ತದೆ, ನಿಲ್ಲಿಸಿ ಎಂದರೆ ನಿಲ್ಲಿಸುತ್ತೇನೆ ಎಂದರು.

ಮಾಡ್ರಿ ಎಂದಳು ಜಯಶೀಲಾ.

ಗರ್ಭಕೋಶ ಸಡಿಲವಾಗಲೆಂದು ಒಂದು ಇಂಜೆಕ್ಷನ್ ಕೊಟ್ಟರು. ಹೊಟ್ಟೆಗೆ ಜೆಲ್ ಸವರಿ, ಒಂದು ಕೈ ಕೆಳಗೆ, ಒಂದು ಕೈ ಮೇಲೆ ಇಟ್ಟು ಒತ್ತಿದರು. ಮಗುವಿನ ಎದೆಬಡಿತ ಮಿಷನ್ನಿನಲ್ಲಿ ಕೇಳುತ್ತಿತ್ತು. ಜಯಶೀಲಾ ಮಂಚದ ಕಂಬಿ ಹಿಡಿದು ಹಲ್ಲು ಕಚ್ಚಿದಳು. ಮಗು ಅರ್ಧ ತಿರುಗಿ ಅಡ್ಡಲಾಗಿ ನಿಂತಿತು. ಹೊಟ್ಟೆಯ ಆಕಾರವೇ ಬದಲಾದದ್ದನ್ನು ಅವಳು ಕಣ್ಣಾರೆ ನೋಡಿದಳು. ಆಮೇಲೆ ಮೆಲ್ಲಗೆ ಮತ್ತೆ ಇದ್ದ ಜಾಗಕ್ಕೇ ಜಾರಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಿದರು. ಎದೆಬಡಿತ ತುಸು ಇಳಿಯಿತು. ಡಾಕ್ಟರು ಕೂಡಲೇ ಕೈ ತೆಗೆದರು. ಬಡಿತ ಸರಿಯಾಗುವವರೆಗೂ ಪಕ್ಕದಲ್ಲೇ ನಿಂತಿದ್ದು, ಇನ್ನು ಬೇಡ ಎಂದರು.

ಆಮೇಲೆ ಕೂರಿಸಿಕೊಂಡು ಹೇಳಿದರು. ಮಗು ಕುಂಡಿ ಕೆಳಗೆ ಮಾಡಿ, ಎರಡೂ ಕಾಲು ಮೇಲೆ ಮಡಚಿ ಕೂತಿದ್ದರೆ ಮಾತು ಬೇರೆ. ನೀವು ಈಗಾಗಲೇ ಒಮ್ಮೆ ಹೆತ್ತಿದ್ದೀರಿ, ಮಗುವಿನ ತೂಕವೂ ಹದವಾಗಿದೆ, ಪಳಗಿದ ಕೈ ಹತ್ತಿರ ಇದ್ದರೆ ಸಹಜ ಹೆರಿಗೆಗೆ ಕಾದು ನೋಡಬಹುದಿತ್ತು. ಈ ಮಗುವಿನ ಒಂದು ಕಾಲು ಕೆಳಗಿದೆ. ಕಾಲು ಸಣ್ಣದು, ದಾರಿ ಪೂರ್ತಿ ತೆರೆಯುವ ಮೊದಲೇ ಜಾರಿ ಬರುತ್ತದೆ. ಜೊತೆಗೆ ಹೊಕ್ಕುಳಬಳ್ಳಿಯೂ ಜಾರಬಹುದು. ತಲೆ ಕೊನೆಗೆ ಬರುತ್ತದೆ, ಅದೇ ಎಲ್ಲಕ್ಕಿಂತ ದೊಡ್ಡದು. ಮೈ ಬಂದು ತಲೆ ಸಿಕ್ಕಿಕೊಂಡರೆ ಯಾರ ಕೈಯಲ್ಲಾದರೂ ಇರುವುದು ಕೆಲವೇ ನಿಮಿಷ. ಇನ್ನು ಆಪರೇಷನ್ನಿನ ಕಷ್ಟ ತಾಯಿಗೆ. ರಕ್ತ ಹೆಚ್ಚು ಹೋಗಬಹುದು, ಗಾಯ ಕೀವಾಗಬಹುದು, ಆರು ವಾರ ಭಾರ ಎತ್ತುವಂತಿಲ್ಲ, ಮುಂದೆ ಬಸಿರಾದರೆ ಆ ಹೊಲಿಗೆಯ ಮೇಲೆ ಕಣ್ಣಿಟ್ಟಿರಬೇಕು.

ಜಯಶೀಲಾ ಎಲ್ಲವನ್ನೂ ಕೇಳಿದಳು. ಇಷ್ಟು ದಿನದಿಂದ ಯಾರಾದರೂ ತನ್ನನ್ನು ಕೇಳಲಿ ಎಂದು ಕಾದಿದ್ದವಳು ಈಗ ಹಿಂಜರಿದಳು. "ನೀವೇ ಒಂದು ಹೇಳ್ಬಿಡ್ರಿ ಮೇಡಂ," ಎಂದಳು.

"ನನ್ನ ಅಭಿಪ್ರಾಯ ಹೇಳ್ತೀನಿ. ಈ ಮಗುವಿಗೆ ಆಪರೇಷನ್ ಒಳ್ಳೇದು ಅಂತ ನನ್ನ ಲೆಕ್ಕ. ಆದ್ರೆ ತೀರ್ಮಾನ ನಿಮ್ದು. ಹೊರಗೆ ಕೂತು ಯೋಚನೆ ಮಾಡಿ ಬನ್ನಿ."

ಅವಳಿಗೆ ಆ ಡಾಕ್ಟರ ಮೇಲೂ ಸಿಟ್ಟು ಬಂತು. ಇಷ್ಟು ದಿನ ಎಲ್ಲರೂ ಕಿತ್ತುಕೊಂಡದ್ದನ್ನು ಇವರು ಇಡಿಯಾಗಿ ತಂದು ತಲೆಯ ಮೇಲಿಟ್ಟರಲ್ಲ ಎನ್ನಿಸಿತು. ಮಗುವಿಗೆ ಏನಾದರೂ ಆದರೆ ನೀನೇ ಆರಿಸಿಕೊಂಡದ್ದು ಎನ್ನುತ್ತಾರೆ. ಹೊರಗೆ ಬಂದು ಅದನ್ನೇ ಅತ್ತೆಯ ಮುಂದೆ ಗೊಣಗಿದಳು.

ಹೊರಗಿನ ಬೆಂಚಿನ ಮೇಲೆ ಬರಗೇರಮ್ಮ ಸೆರಗನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದಳು. ಅವಳು ಸೊಸೆಯ ಕಡೆ ನೋಡದೆ, ಎದುರಿನ ಗೋಡೆಗೆ ಹೇಳುವವಳ ಹಾಗೆ ಹೇಳತೊಡಗಿದಳು. ಪ್ರಭುಲಿಂಗ ಅವಳ ಚೊಚ್ಚಲಲ್ಲ. ಅವನಿಗಿಂತ ಎರಡು ವರ್ಷ ಮೊದಲು ಒಂದು ಹೆಣ್ಣು ಹುಟ್ಟಿತ್ತು. ಅದೂ ಕಾಲು ಮುಂದಾಗಿ ಬಂದ ಕೂಸು. ನೋವು ಶುರುವಾದಾಗ ನರ್ಸಮ್ಮ ನೋಡಿ, ಇದು ನನ್ನ ಕೈಲಿ ಆಗುವುದಲ್ಲ ಎಂದು ಹೇಳಿ ಜೀಪು ಕಳಿಸಿದ್ದರು. ಜೀಪು ಮನೆಯ ಮುಂದೆ ಬಂದು ನಿಂತಿತ್ತು. ಗುಡ್ಡಪ್ಪ ಅದನ್ನು ವಾಪಸ್ ಕಳಿಸಿದ. ನಮ್ಮ ಹೆಂಗಸರು ಮನೆಯಲ್ಲೇ ಹೆರೋದು ಎಂದ. ಮಧ್ಯಾಹ್ನ ಕಾಲು ಬಂತು, ಮೈ ಬಂತು. ತಲೆ ಬರಲಿಲ್ಲ. ಸೂಲಗಿತ್ತಿ ಎಳೆದಳು. ಕೂಸಿನ ಕಾಲು ತನ್ನ ತೊಡೆಗೆ ಒದೆಯುತ್ತಿದ್ದುದು ಬರಗೇರಮ್ಮನಿಗೆ ತಿಳಿಯುತ್ತಿತ್ತು. ಆಮೇಲೆ ಒದೆಯುವುದು ನಿಂತಿತು.

"ಎಷ್ಟೊತ್ತು ಒದೀತು ಅಂತ ನಂಗೊತ್ತು. ಬ್ಯಾರೆ ಯಾರಿಗೂ ಗೊತ್ತಿಲ್ಲ," ಎಂದಳು ಬರಗೇರಮ್ಮ.

ಹೆಸರಿಡುವ ಮೊದಲೇ ಹೋದ ಕೂಸಿನ ಮಾತನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ. ಎರಡು ವರ್ಷದ ಮೇಲೆ ಪ್ರಭುಲಿಂಗನೂ ಹಾಗೇ ಬಂದ, ಅದೃಷ್ಟಕ್ಕೆ ಉಳಿದ. ಅಂದಿನಿಂದ ಗುಡ್ಡಪ್ಪ ಆ ಕಾಲನ್ನು ಊರಿಗೆಲ್ಲಾ ತೋರಿಸಿಕೊಂಡು ತಿರುಗಿದ. ಸೊಂಟ ಹಿಡಿದವರು ಬಂದು ಅಂಗಳದಲ್ಲಿ ಮಲಗಿದಾಗಲೆಲ್ಲಾ ಅವಳು ಒಳಗೆ ಹೋಗಿ ಬಿಡುತ್ತಿದ್ದಳು. ಇಪ್ಪತ್ತು ವರ್ಷ ಹಾಗೇ ಒಳಗೆ ಹೋಗಿದ್ದಳು.

ಜಯಶೀಲಾ ಅವಳ ಕೈ ಹಿಡಿಯಲು ಹೋದಳು. ಬರಗೇರಮ್ಮ ಕೈ ಬಿಡಿಸಿಕೊಂಡಳು. "ನಾನು ಹೇಳಿದ್ದಕ್ಕೆ ನೀನು ಆಪರೇಷನ್ ಮಾಡ್ಸ್ಕಬ್ಯಾಡ. ನೀನು ಯೋಚನೆ ಮಾಡು. ನಂಗೆ ಯೋಚನೆ ಮಾಡಾಕೆ ಯಾರೂ ಬಿಡ್ಲಿಲ್ಲ, ಅದಕ್ಕೆ ಹೇಳ್ದೆ."

ಅರ್ಧ ಗಂಟೆಯ ಮೇಲೆ ಜಯಶೀಲಾ ಒಳಗೆ ಹೋಗಿ, ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದಳು. ಮೂವತ್ತೊಂಬತ್ತನೇ ವಾರಕ್ಕೆ ದಿನ ಗೊತ್ತಾಯಿತು. ನೀರು ಒಡೆದರೆ ಅಥವಾ ನೋವು ಬಂದರೆ ಕಾಯಬಾರದು, ನಿಲ್ಲಬಾರದು, ಸೊಂಟದ ಕೆಳಗೆ ದಿಂಬಿಟ್ಟು ಮಲಗಿಕೊಂಡೇ ಬರಬೇಕು, ಸಾಧ್ಯವಾದರೆ ಈಗಿನಿಂದಲೇ ಹತ್ತಿರದ ಊರಿಗೆ ಬಂದಿರಬೇಕು ಎಂದು ಡಾಕ್ಟರು ಎಚ್ಚರಿಸಿದರು. ಅವಳ ಅಕ್ಕ ಶಿವಗಂಗಾ ಹೊಳಲ್ಕೆರೆಯಲ್ಲಿದ್ದಳು. ಅಲ್ಲಿರುತ್ತೇನೆ ಎಂದು ಒಪ್ಪಿಕೊಂಡಳು.

ಮನೆಯಲ್ಲಿ ಇದನ್ನು ಹೇಳಿದ ದಿನ ಗುಡ್ಡಪ್ಪ ಊಟದ ತಟ್ಟೆ ತಳ್ಳಿ ಎದ್ದ. ಹೆಂಗಸರಿಬ್ಬರೂ ಸೇರಿ ಮನೆಯ ಮಾತು ಮೀರಿದರು ಎಂದು ಕೂಗಾಡಿದ. ಪ್ರಭುಲಿಂಗನೂ ದನಿ ಏರಿಸಿದ. ನನ್ನನ್ನು ಕೇಳದೆ ಒಪ್ಪಿಕೊಂಡು ಬಂದೆಯಲ್ಲ, ನಾನು ಈ ಮಗುವಿಗೆ ಏನೂ ಅಲ್ಲವಾ ಎಂದ.

"ನಿನ್ನ ಕರೆದೆ. ಬಾಡಿಗೆ ಐತೆ ಅಂದೆ," ಎಂದಳು ಜಯಶೀಲಾ. "ನರ್ಸಿಂಗ್ ಹೋಮಲ್ಲಿ ಅವರು ಕೊಯ್ತೀನಿ ಅಂದ್ರು, ತಲೆ ಆಡಿಸ್ದೆ. ಇಲ್ಲಿ ನಿಮ್ಮಪ್ಪ ಬ್ಯಾಡ ಅಂದ್ರು, ತಲೆ ಆಡಿಸ್ದೆ. ನನ್ನ ಒಂದ್ ಸಲನಾದ್ರೂ ಏನು ಅಂತ ಕೇಳಿದ್ಯಾ?"

ಹೊಳಲ್ಕೆರೆಗೆ ಕಳಿಸುವುದಿಲ್ಲ ಎಂದು ಅವನೂ ಅಪ್ಪನ ಜೊತೆ ಸೇರಿ ಹೇಳಿದ.

ಮಾರನೆಯ ಬೆಳಿಗ್ಗೆ ಪಕ್ಕದ ಕೇರಿಯ ಗೊಲ್ಲಪ್ಪ ಸೊಂಟ ಹಿಡಿದುಕೊಂಡು ಬಂದ. ಜೊತೆಗೆ ಅವನ ಕಡೆಯವರು ಇಬ್ಬರು. ಗೊಲ್ಲಪ್ಪ ನರಳುತ್ತಾ ಅಂಗಳದಲ್ಲಿ ಬೋರಲು ಮಲಗಿದ. ಕಟ್ಟೆಯ ಮೇಲೆ ಕುಳಿತಿದ್ದ ಗುಡ್ಡಪ್ಪ, ಬಂದವರ ಮುಂದೆ ಬೇಕೆಂದೇ ದನಿ ಎತ್ತರಿಸಿ, ಈ ಮನೆಗೆ ಇನ್ನೊಂದು ಇಂಥ ಕಾಲು ಬರುವುದರಲ್ಲಿದೆ, ಅದನ್ನು ಕತ್ತರಿ ಹಾಕಿ ಕೆಡಿಸಬೇಕು ಅಂತ ಸೊಸೆ ಕುಣಿಯುತ್ತಿದ್ದಾಳೆ ಎಂದ. ಪ್ರಭುಲಿಂಗ ಲುಂಗಿ ಎತ್ತಿ ಕಟ್ಟಿಕೊಂಡು ಗೊಲ್ಲಪ್ಪನ ಪಕ್ಕ ನಿಂತಿದ್ದ.

ಬರಗೇರಮ್ಮ ಒಳಗೆ ಹೋಗಲಿಲ್ಲ. ಕೈಯಲ್ಲಿದ್ದ ಪೊರಕೆ ಕೆಳಗಿಟ್ಟು ಅಂಗಳದ ನಡುವೆ ಬಂದು ನಿಂತಳು.

"ಪ್ರಭು, ನಿಂಗೊಬ್ಬಳು ಅಕ್ಕ ಇದ್ಲು. ಅವಳೂ ಕಾಲು ಮುಂದಾಗೇ ಬಂದ್ಲು. ತಲೆ ಸಿಕ್ಕಾಕ್ಕೊಂಡು ಸತ್ಲು. ಜೀಪು ಬಂದಿತ್ತು. ನಿಮ್ಮಪ್ಪ ಇಲ್ಲೇ, ಈ ಜಾಗದಾಗೆ ನಿಂತ್ಕೊಂಡು ವಾಪಸ್ ಕಳಿಸ್ದ."

ಗೊಲ್ಲಪ್ಪ ಮಲಗಿದ್ದಲ್ಲಿಂದಲೇ ಕತ್ತು ಎತ್ತಿ ನೋಡಿದ.

ಗುಡ್ಡಪ್ಪ ಬಾಯಿ ಮುಚ್ಚು ಎಂದ. ಮೂವತ್ತು ವರ್ಷದ ಹಿಂದಿನದು ಈಗ ಯಾಕೆ ಎಂದ.

"ಮೂವತ್ತು ವರ್ಷ ಮುಚ್ಚಿದ್ದೆ. ಎರಡು ಹಾಗೆ ಬಂದ್ವು, ಒಂದು ಉಳೀತು. ಉಳಿದಿದ್ದನ್ನ ಊರಿಗೆಲ್ಲಾ ತೋರಿಸ್ದೆ. ಸತ್ತಿದ್ದನ್ನ ಎಲ್ಲಿ ಮುಚ್ಚಿದೆ ಅಂತ ನಂಗೂ ಹೇಳ್ಲಿಲ್ಲ. ಈಗ ಹೇಳು, ಇವರ ಮುಂದೆ ಹೇಳು."

ಪ್ರಭುಲಿಂಗ ಅಪ್ಪನ ಕಡೆ ನೋಡಿದ. ಅಮ್ಮ ಹೇಳುವುದು ನಿಜವಾ ಎಂದು ಕೇಳಿದ. ಗುಡ್ಡಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ರೊಪ್ಪದ ಬಾಗಿಲು ತೆಗೆದು, ಹೊತ್ತಿಗೆ ಮುಂಚೆಯೇ ಕುರಿ ಹೊಡೆದುಕೊಂಡು ಹೋದ. ಪ್ರಭುಲಿಂಗ ಎತ್ತಿ ಕಟ್ಟಿದ್ದ ಲುಂಗಿಯನ್ನು ಇಳಿಬಿಟ್ಟು ಕಟ್ಟೆಯ ಮೇಲೆ ಕುಳಿತ. ಗೊಲ್ಲಪ್ಪ ಕಾದು ಕಾದು, ತನ್ನ ಕಡೆಯವರ ಕೈ ಹಿಡಿದು ಎದ್ದು, ಆಸ್ಪತ್ರೆಗೇ ಹೋಗ್ತೀನಿ ಬಿಡಪ್ಪ ಎಂದು ಹೊರಟ.

ಅದೇ ದಿನ ಜಯಶೀಲಾ ಇಂಚರಳನ್ನು ಕರೆದುಕೊಂಡು ಹೊಳಲ್ಕೆರೆಗೆ ಹೊರಟಳು. ಬರಗೇರಮ್ಮನೂ ಬಟ್ಟೆ ಗಂಟು ಕಟ್ಟಿದಳು. ಹೋಗುವ ಮುಂಚೆ ಒಲೆ ಆರಿಸಿ, ಹಿಟ್ಟಿನ ಡಬ್ಬ ಎಲ್ಲಿದೆ ಎಂದು ಮಗನಿಗೆ ತೋರಿಸಿ, ನಿಮ್ಮಪ್ಪಂಗೆ ಮುದ್ದೆ ಬೇಕಾದ್ರೆ ತಾನೇ ತೊಳಸ್ಕಳಕ್ಕೆ ಹೇಳು ಎಂದಳು. ಪ್ರಭುಲಿಂಗ ಆಟೋದಲ್ಲಿ ಬಿಡುತ್ತೇನೆ ಎಂದ. ಜಯಶೀಲಾ ಬೇಡ ಎಂದು ಬಸ್ಸು ಹತ್ತಿದಳು.

ಹೊಳಲ್ಕೆರೆಯಲ್ಲಿ ಆರು ದಿನ ಕಳೆದವು. ಏಳನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ, ಇಂಚರಳ ತಲೆ ಬಾಚುತ್ತಿದ್ದಾಗ ಜಯಶೀಲಾಗೆ ನೀರು ಒಡೆಯಿತು. ಶಿವಗಂಗಾ ಪಕ್ಕದ ಮನೆಯವರ ಓಮ್ನಿ ಕರೆಸಿದಳು. ಇಂಚರಳನ್ನು ಅವಳ ಹತ್ತಿರ ಬಿಟ್ಟು, ಬರಗೇರಮ್ಮ ಸೊಸೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಸೊಂಟದ ಕೆಳಗೆ ಎರಡು ದಿಂಬು ಇಟ್ಟಳು. ತಾನು ಕೆಳಗೆ ಕಾಲಿಡುವ ಜಾಗದಲ್ಲಿ ಕುಳಿತಳು. ಜಯಶೀಲಾ ಆಸ್ಪತ್ರೆಗೆ ಫೋನ್ ಮಾಡಿದಳು. ಬಳ್ಳಿ ಏನಾದರೂ ಹೊರಗೆ ಕಾಣುತ್ತಿದೆಯಾ ಎಂದು ಕೇಳಿದರು. ಬರಗೇರಮ್ಮ ನೋಡಿ, ಇಲ್ಲ ಎಂದಳು. ಹಾಗೇ ಬನ್ನಿ, ಥಿಯೇಟರ್ ರೆಡಿ ಇರುತ್ತೆ ಎಂದರು.

ದಾರಿಯಲ್ಲಿ ನೋವು ಶುರುವಾಯಿತು. ರಸ್ತೆಯ ಒಂದೊಂದು ಉಬ್ಬಿಗೂ ಜಯಶೀಲಾಗೆ ಜೀವ ಬಾಯಿಗೆ ಬಂದ ಹಾಗಾಗುತ್ತಿತ್ತು. ಒದೀತಾ ಐತಾ, ಒದೀತಾ ಐತಾ ಎಂದು ಬರಗೇರಮ್ಮ ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದಳು. ಹೂಂ ಎನ್ನುವವರೆಗೂ ಅವಳ ಮುಖ ಬಿಟ್ಟು ಕಣ್ಣು ತೆಗೆಯುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಸ್ಟ್ರೆಚರಿನ ಮೇಲೆ ಮಲಗಿಸಿ ಒಳಗೆ ತಂದರು. ಬೇಗಬೇಗ ನಡೆಯಬೇಕಾದದ್ದು ಒಂದು ಫಾರಂ ಮುಂದೆ ಬಂದು ನಿಂತಿತು. ಹೊಸದಾಗಿ ಬಂದಿದ್ದ ಸಿಸ್ಟರ್ ಒಬ್ಬರು, ಯಜಮಾನರು ಎಲ್ಲಿ, ಅವರ ಸೈನ್ ಬೇಕು ಎಂದರು. ಪ್ರಭುಲಿಂಗ ತೆಂಗಿನಕಾಯಿ ಲೋಡು ತೆಗೆದುಕೊಂಡು ಹಿರಿಯೂರಿಗೆ ಹೋಗಿದ್ದ. ಸುದ್ದಿ ತಿಳಿದು ಅಲ್ಲಿಂದ ಹೊರಟಿದ್ದನಂತೆ, ಈಗ ಫೋನ್ ಸಿಗುತ್ತಿರಲಿಲ್ಲ. ಸಿಸ್ಟರ್ ಕಾರ್ಡಿನಲ್ಲಿದ್ದ ಇನ್ನೊಂದು ನಂಬರಿಗೆ ಮಾಡಿದರು. ಅದು ಗುಡ್ಡಪ್ಪನದು. ಅವನು ಆ ಕಡೆಯಿಂದ, ನನ್ನ ಮಗ ಬರೋ ತನಕ ಯಾರೂ ಕೈ ಮುಟ್ಟಬಾರದು ಎಂದ. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಕಾಯಬೇಕಾಗುತ್ತಲ್ಲ ಎಂದು ಸಿಸ್ಟರ್ ಆಚೀಚೆ ನೋಡಿದರು.

ಆಗ ಜಯಶೀಲಾಗೆ ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ನೋವು ಒಂದು ಕಡೆ ಸರಿದು ನಿಂತಂತಾಯಿತು. ಮೊಣಕೈ ಊರಿ ತಲೆ ಎತ್ತಿದಳು.

"ಆ ಫೋನ್ ಇಡ್ರಿ. ಹೊಟ್ಟೆ ನಂದು, ಒಳಗಿರೋ ಕೂಸು ನಂದು, ಸಾಯೋದಾದ್ರೆ ಸಾಯೋದು ನಾವಿಬ್ರು. ಕುರಿ ಕಾಯೋ ಮುದುಕಂದು ಒಪ್ಪಿಗೆ ಯಾಕ್ರಿ ಬೇಕು ನಿಮಗೆ? ಕೊಡ್ರಿ ಪೆನ್ನು."

ಸಿಸ್ಟರ್ ಇನ್ನೂ ಅನುಮಾನಿಸುತ್ತಿದ್ದರು. ಬರಗೇರಮ್ಮ ಫಾರಂ ಕಿತ್ತುಕೊಂಡು ಸೊಸೆಯ ಎದೆಯ ಮೇಲೆ ಹಿಡಿದಳು. ಅಷ್ಟರಲ್ಲಿ ಡಾಕ್ಟರ್ ಅಂಜಲಿ ಥಿಯೇಟರಿನ ಬಟ್ಟೆಯಲ್ಲೇ ಹೊರಗೆ ಬಂದು, ಪೇಷೆಂಟ್ ಸೈನ್ ಸಾಕು ಅಂತ ಎಷ್ಟು ಸಲ ಹೇಳಬೇಕು ಎಂದು ಗದರಿ, ತಮ್ಮ ಪೆನ್ನು ಕೊಟ್ಟರು. ಜಯಶೀಲಾ ಮಲಗಿಕೊಂಡೇ ಪೂರ್ತಿ ಹೆಸರು ಬರೆದಳು.

ಒಳಗೆ ಪರೀಕ್ಷೆ ಮಾಡಿದಾಗ ಮಗುವಿನ ಪಾದ ಆಗಲೇ ಕೈಗೆ ಸಿಗುತ್ತಿತ್ತು. ಡಾಕ್ಟರು ಇನ್ನೊಮ್ಮೆ ಕೇಳಿದರು, ಹಿಂದೆ ಹೇಳಿದ್ದೇ ಈಗಲೂ ತಾನೇ ಎಂದು. ಹೌದು ಎಂದಳು. ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಎದೆಯಿಂದ ಕೆಳಗೆ ಮೈ ಸತ್ತ ಹಾಗಾಯಿತು. ಹಸಿರು ಬಟ್ಟೆಯ ಆಚೆ ಯಾರೋ ಎಳೆದ ಹಾಗೆ, ತಳ್ಳಿದ ಹಾಗೆ ಅನ್ನಿಸಿತು, ನೋವಿರಲಿಲ್ಲ. ಆಮೇಲೆ ಏನೂ ಕೇಳಿಸಲಿಲ್ಲ. ಅವಳು ಎಣಿಸಿದಳು. ಇಪ್ಪತ್ತೆಂಟು ಎಣಿಸುವಾಗ ಮಗು ಅತ್ತಿತು. ಮೊದಲು ಬೆಕ್ಕಿನ ಮರಿಯ ಹಾಗೆ, ಆಮೇಲೆ ಸಿಟ್ಟಿನಿಂದ ಎಂಬಂತೆ ಜೋರಾಗಿ. ಹೆಣ್ಣು. ಎರಡು ಕೆಜಿ ಒಂಬೈನೂರು ಗ್ರಾಂ.

ಪ್ರಭುಲಿಂಗ ಬಂದಾಗ ಮಧ್ಯಾಹ್ನವಾಗಿತ್ತು. ಮಗುವನ್ನು ನೋಡಿ, ಹೆಂಡತಿಯ ಮಂಚದ ಪಕ್ಕ ನಿಂತ. ಅವಳು ಕಣ್ಣು ಮುಚ್ಚಿಕೊಂಡಳು. ಅವನು ಹೊರಗೆ ಹೋಗಿ ಅಮ್ಮನ ಪಕ್ಕ ಕುಳಿತ. ಅಕ್ಕನನ್ನು ಎಲ್ಲಿ ಹೂತದ್ದು ಎಂದು ಅಪ್ಪನನ್ನು ಕೇಳಿದೆ, ಹೇಳಿದ ಎಂದ. ಕಲ್ಲುಗುಡ್ಡೆಯ ಕೆಳಗೆ, ಕುರಿ ಹೋಗುವ ದಾರಿಯ ಪಕ್ಕ ಅಂತೆ. ಗುರುತಿಗೆ ಏನೂ ಇಟ್ಟಿಲ್ಲವಂತೆ. ದಿನಾ ಅದನ್ನು ದಾಟಿಕೊಂಡೇ ಹೋಗುತ್ತಾನಂತೆ. ಬರಗೇರಮ್ಮ ಸೆರಗಿನಿಂದ ಬಾಯಿ ಒತ್ತಿ ಹಿಡಿದು, ಬಹಳ ಹೊತ್ತು ಅತ್ತಳು. ಅವಳು ಅತ್ತದ್ದನ್ನು ಮಗ ಹಿಂದೆ ನೋಡಿರಲಿಲ್ಲ.

ಮೂರನೆಯ ದಿನ ಜಯಶೀಲಾ ಗೋಡೆ ಹಿಡಿದು ನಡೆದಳು. ಹೊಲಿಗೆ ಚುರುಗುಟ್ಟುತ್ತಿತ್ತು. ಕೆಮ್ಮಿದರೆ ಕರುಳೇ ಹೊರಗೆ ಬಂದಂತಾಗುತ್ತಿತ್ತು. ಮಗುವನ್ನು ಎತ್ತಿಕೊಳ್ಳಲು ಇನ್ನೊಬ್ಬರು ಬೇಕಿತ್ತು. ಆರಿಸಿಕೊಂಡದ್ದು ತಾನೇ, ಅದಕ್ಕೆ ನೋವು ಕಡಿಮೆಯಾಗಬೇಕೆಂದೇನೂ ಇರಲಿಲ್ಲ. ಗಂಡನ ಜೊತೆ ಅವಳು ಬೇಕಾದಷ್ಟೇ ಮಾತಾಡುತ್ತಿದ್ದಳು. ನೀರು ಕೊಡು, ಮಗು ಕೊಡು, ಸಾಕು.

ಹತ್ತು ಗಂಟೆಗೆ ಅದೇ ಸಿಸ್ಟರ್ ಇನ್ನೊಂದು ಫಾರಂ ಹಿಡಿದು ಬಂದರು. ಎರಡು ಮಕ್ಕಳಾದವಲ್ಲ, ಮನೆಗೆ ಹೋಗುವ ಮುಂಚೆ ಮಕ್ಕಳಾಗದ ಆಪರೇಷನ್ನೂ ಮಾಡಿಸಿಬಿಡುತ್ತೀರಾ ಎಂದು ಕೇಳಿದರು. ಕೇಳಿದ್ದು ಪ್ರಭುಲಿಂಗನನ್ನು.

ಪ್ರಭುಲಿಂಗ ಬಾಯಿ ತೆರೆದವನು, ನಿಲ್ಲಿಸಿದ. "ಅವಳನ್ನ ಕೇಳ್ರಿ ಸಿಸ್ಟರ್," ಎಂದ.

ಅವನು ಅದನ್ನು ಹೇಳಿದ ಎಂದು ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಷ್ಟು ಸಣ್ಣ ಮಾತು ಕಲಿಯಲು ಒಂದು ಸತ್ತ ಕೂಸು ಬೇಕಾಯಿತಲ್ಲ ಎಂದು ಮತ್ತೆ ಸಿಟ್ಟೇ ಬಂತು. ಸಿಸ್ಟರ್ ಫಾರಂ ಹಿಡಿದು ಅವಳ ಕಡೆ ತಿರುಗಿ ನಿಂತಿದ್ದರು.

"ನಾನಿನ್ನೂ ಯೋಚನೆ ಮಾಡಿಲ್ಲ," ಎಂದಳು ಜಯಶೀಲಾ. "ಮಾಡ್ದಾಗ ನಾನೇ ಹೇಳ್ತೀನಿ. ಅಲ್ಲಿಗಂಟ ಆ ಫಾರಂ ಇಲ್ಲಿ ತರಬ್ಯಾಡ್ರಿ."

ಮಗು ಎದ್ದು ಅಳತೊಡಗಿತು. ಬರಗೇರಮ್ಮ ಅದನ್ನು ಎತ್ತಿ ಸೊಸೆಯ ಮಗ್ಗುಲಿಗೆ, ಹೊಲಿಗೆಗೆ ತಾಗದ ಹಾಗೆ ಮಲಗಿಸಿದಳು.